ಮದುವೆಗೊಬ್ಬ ಮೇಯರ್, ಕಸಕ್ಕೊಂದು ಒಕ್ಕೂಟ

ಮಗಳ ಮನೆಗೆಂದು ಫ್ರಾನ್ಸಿಗೆ ಹೋದವರು ಐಫೆಲ್ ಗೋಪುರದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನು ಕಸದ ತೊಟ್ಟಿಯ ಮುಂದೆ ನಿಂತೆ. ಮಗಳ ಸಂಸಾರ ಇರುವುದು ಲೊರೇನ್ ಸೀಮೆಯ ಒಂದು ಪುಟ್ಟ ಹಳ್ಳಿಯಲ್ಲಿ. ಬೆಳಿಗ್ಗೆ ಅವರಿಬ್ಬರೂ ಕೆಲಸಕ್ಕೆ ಹೊರಟರೆ ಮನೆಯ ಯಜಮಾನಿಕೆಯೆಲ್ಲ ನನ್ನದೇ. ಕಸ ಹೊರಗಿಡುವವರೆಗೆ ಮಾತ್ರ ಎನ್ನಿ. ಒಂದು ಬೆಳಿಗ್ಗೆ ಲಾರಿ ಬಂತು. ಬೀದಿಯವರೆಲ್ಲರ ತೊಟ್ಟಿಯನ್ನೂ ಎತ್ತಿ ಸುರಿದುಕೊಂಡು, ನಮ್ಮದರ ನೆತ್ತಿಗೆ ಮಾತ್ರ ಹಳದಿ ಚೀಟಿಯೊಂದನ್ನು ಅಂಟಿಸಿ ಹೊರಟೇಹೋಯಿತು. ಚೀಟಿಯಲ್ಲಿ ಏನಿತ್ತೋ! ನನ್ನ ಫ್ರೆಂಚು ಬೇಕರಿಯ ಹೊಸ್ತಿಲು ದಾಟುವುದಿಲ್ಲ. ಅಲ್ಲಿಯೂ ಬೆರಳು ತೋರಿಸಿಯೇ ಬ್ರೆಡ್ಡು ತರುವವನು ನಾನು.

ಚೀಟಿ ಕಿತ್ತುಕೊಂಡು ಮೇಯರ್ ಕಚೇರಿಗೆ ನಡೆದೆ. ಮೇಯರ್ ಎಂದ ಕೂಡಲೇ ಕೆಂಪು ದೀಪದ ಕಾರು ನೆನೆಸಿಕೊಳ್ಳಬೇಡಿ. ಈತ ಗಂಬೂಟು ಹಾಕಿದ್ದ ರೈತ. ಕಚೇರಿಗೆ ಬೀಗ ಹಾಕಿ ಹೊಲಕ್ಕೆ ಹೊರಟಿದ್ದ. ಚೀಟಿ ನೋಡಿ ಹರುಕು ಇಂಗ್ಲಿಷಿನಲ್ಲಿ, "ಮದುವೆಯಿದ್ದರೆ ಹೇಳಿ, ಮಾಡಿಸಿಕೊಡುತ್ತೇನೆ. ಕಸ ನನ್ನದಲ್ಲ, ಅದು ಇಂಟರ್‌ಕೊ" ಎಂದ. ನನ್ನ ವಯಸ್ಸು ನೋಡಿಯೂ ಮದುವೆಯ ಮಾತೆತ್ತಿದನಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಮಗಳಿಗೆ ಹೇಳಲಿಲ್ಲ.

ಈ ಇಂಟರ್‌ಕೊ ಎಂದರೇನು ಎಂಬುದನ್ನು ನನಗೆ ಬಿಡಿಸಿ ಹೇಳಿದವರು ಪಕ್ಕದ ಮನೆಯ ನಿವೃತ್ತ ಮೇಡಂ. ನಲವತ್ತು ನಿಮಿಷದ ಪಿರಿಯಡ್ಡಿನ ಅಭ್ಯಾಸ ಇನ್ನೂ ಬಿಟ್ಟಿಲ್ಲ, ಪಾಪ. ಕಥೆ ಶುರುವಾಗುವುದು 1789ರಿಂದ. ರಾಜನ ಅಧಿಕಾರಕ್ಕೆ ಕಡಿವಾಣ ಹಾಕಲು ಹೊರಟ ಕ್ರಾಂತಿಕಾರಿಗಳು ಆ ವರ್ಷದ ಡಿಸೆಂಬರಿನಲ್ಲಿ, ಹೆಚ್ಚುಕಡಿಮೆ ಪ್ರತಿಯೊಂದು ಚರ್ಚಿನ ಸೀಮೆಗೂ ಒಂದೊಂದು ಸ್ಥಳೀಯ ಆಡಳಿತ ಕೊಟ್ಟುಬಿಟ್ಟರು. ಅವೇ ಕಮ್ಯೂನುಗಳು. ಇವತ್ತಿಗೂ ಅವು ಸುಮಾರು 35,000 ಇವೆ. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಐನೂರು ಜನವೂ ಇಲ್ಲ. ಆದರೆ ಪ್ರತಿಯೊಂದಕ್ಕೂ ಮೇಯರ್ ಇದ್ದಾನೆ, ಅವನ ಹೆಗಲಿಗೆ ನೀಲಿ-ಬಿಳಿ-ಕೆಂಪಿನ ಪಟ್ಟಿಯಿದೆ. ದೇಶದಲ್ಲಿ ಕೌನ್ಸಿಲರುಗಳೇ ಐದು ಲಕ್ಷದ ಹತ್ತಿರ. ಯಾವ ಕಾಫಿ ಅಂಗಡಿಯಲ್ಲಿ ಕುಳಿತರೂ ಮಗ್ಗುಲಿನ ಮೇಜಿನಲ್ಲಿ ಒಬ್ಬ ಜನಪ್ರತಿನಿಧಿ ಇದ್ದೇ ಇರುತ್ತಾನೆ ಎಂಬುದು ಮೇಡಂ ಅವರ ಗುಮಾನಿ.

ಇಷ್ಟೊಂದು ಊರು ಯಾಕೆ, ಕೂಡಿಸಿಬಿಡೋಣ ಎಂದು ಪ್ಯಾರಿಸ್ಸಿನವರಿಗೆ ಆಗಾಗ ಅನ್ನಿಸುತ್ತದೆ. 1971ರಲ್ಲಿ ಅದಕ್ಕೊಂದು ಕಾನೂನನ್ನೂ ತಂದರು. ಊರುಗಳು ಜಗ್ಗಲಿಲ್ಲ. ಕೂಡಿಸಿದ್ದ ಕೆಲವೂ ಆಮೇಲೆ ಬೇರೆಯಾದವು. ಹೆಸರು ಬಿಟ್ಟುಕೊಡಿ ಎಂದರೆ ಯಾರು ತಾನೇ ಕೊಡುತ್ತಾರೆ? ಕೊನೆಗೆ ಗೆದ್ದದ್ದು 1890ರಷ್ಟು ಹಳೆಯ ಉಪಾಯವೇ: ಊರು ಊರಾಗಿಯೇ ಇರಲಿ, ಕೆಲಸ ಮಾತ್ರ ಒಟ್ಟಿಗೆ ಮಾಡೋಣ. 1966ರ ಕಾನೂನು ಬೋರ್ಡೊ, ಲೀಲ್, ಲಿಯೋನ್, ಸ್ಟ್ರಾಸ್‌ಬರ್ಗ್‌ಗಳನ್ನು ಸುತ್ತಲಿನ ಊರುಗಳ ಜೊತೆ ಕಟ್ಟಿಹಾಕಿತು. 1992 ಮತ್ತು 1999ರ ಕಾನೂನುಗಳು ಸಣ್ಣಪುಟ್ಟ ಪಟ್ಟಣಗಳಿಗೂ ಆ ಹಗ್ಗ ಎಸೆದವು. ಈಗ ಕುಡಿಯುವ ನೀರು, ಚರಂಡಿ, ಬಸ್ಸು, ಕೈಗಾರಿಕಾ ವಸಾಹತು, ಕಸ ಎಲ್ಲ ಪಟ್ಟಣದ ಒಕ್ಕೂಟದ, ಅಂದರೆ ಇಂಟರ್‌ಕೊ ಪಾಲು. ಜನನ, ಮರಣ, ಮದುವೆ ಮೇಯರ್ ಪಾಲು. ತಾಳಿ ಕಟ್ಟಿಸುವವರು ಒಬ್ಬರು, ಮಾರನೆಯ ದಿನ ಎಂಜಲೆಲೆ ಎತ್ತುವವರು ಇನ್ನೊಬ್ಬರು ಎಂದುಕೊಂಡರೆ ಈ ವ್ಯವಸ್ಥೆ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಉಳಿದ ಕಾಲು ಭಾಗ ಫ್ರೆಂಚರಿಗೂ ಅರ್ಥವಾಗಿಲ್ಲವಂತೆ.

ಪಾಠ ಸಾಲದೆಂದು ಮೇಡಂ ಒಂದು ಭಾನುವಾರ ನನ್ನನ್ನು ಕಾರಿನಲ್ಲಿ ವೆರ್ಡನ್‌ಗೆ ಕರೆದುಕೊಂಡು ಹೋದರು. ಮ್ಯೂಸ್ ನದಿಯ ದಂಡೆಯ ಪಟ್ಟಣ. ಸಿಹಿ ಲೇಪದ ಬಾದಾಮಿಗೆ ಹೆಸರುವಾಸಿ. 1220ರಲ್ಲಿ ಇಲ್ಲಿನ ಔಷಧಿ ಅಂಗಡಿಯವನೊಬ್ಬ ಮೊದಲು ಮಾಡಿದನಂತೆ. ಮದುವೆ, ನಾಮಕರಣಗಳಲ್ಲಿ ಹಂಚುತ್ತಾರೆ. ನಾನೂ ಒಂದನ್ನು ಬಾಯಿಗೆ ಹಾಕಿಕೊಂಡೆ. ಕಟ್ಟಿಸಿದ ಹಲ್ಲಿದ್ದವರು ಚೀಪುವುದು ಲೇಸು.

ಸಾವಿರದ ನೂರು ವರ್ಷಕ್ಕೂ ಹಿಂದೆ, 843ರಲ್ಲಿ, ಶಾರ್ಲಮೇನ್ ಚಕ್ರವರ್ತಿಯ ಮೂವರು ಮೊಮ್ಮಕ್ಕಳು ಅಜ್ಜನ ಸಾಮ್ರಾಜ್ಯವನ್ನು ಹಿಸ್ಸೆ ಮಾಡಿಕೊಂಡದ್ದು ಇದೇ ವೆರ್ಡನ್ ಒಪ್ಪಂದದಲ್ಲಿ. ಪಾಲುಪಟ್ಟಿಗೆ ಹೆಸರಾದ ಊರಿಗೆ ಈಗ ಕೂಡಿಸುವ ಕೆಲಸ! 2015ರಲ್ಲಿ ಹುಟ್ಟಿದ 'ಗ್ರಾಂ ವೆರ್ಡನ್' ಒಕ್ಕೂಟದಲ್ಲಿ ಪಟ್ಟಣವೂ ಸೇರಿ 25 ಕಮ್ಯೂನುಗಳು. ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ವೆರ್ಡನ್ ಪಟ್ಟಣದ್ದೇ. ಆದರೆ ಒಕ್ಕೂಟದ ಸಭೆಯಲ್ಲಿ ಯಾವ ಒಂದು ಊರಿಗೂ ಅರ್ಧಕ್ಕಿಂತ ಹೆಚ್ಚು ಕುರ್ಚಿ ಸಲ್ಲದು, ಎಷ್ಟೇ ಸಣ್ಣ ಊರಾದರೂ ಒಂದು ಕುರ್ಚಿ ತಪ್ಪದು ಎಂದು ಕಾನೂನು. ದೊಡ್ಡಣ್ಣನಿಗೆ ಗೌರವ ಇರಲಿ, ದರ್ಬಾರು ಬೇಡ.

"ಈ 25ರಲ್ಲಿ ಆರು ಊರುಗಳ ಜನಸಂಖ್ಯೆ ಸೊನ್ನೆ" ಎಂದರು ಮೇಡಂ.

"ಸೊನ್ನೆ ಎಂದರೆ ಸುಮಾರು ಎಷ್ಟು?" ಎಂದು ಕೇಳಿದೆ. ಲೆಕ್ಕಪತ್ರ ವಿಭಾಗದಲ್ಲಿ ಕುರ್ಚಿ ಸವೆಸಿದವನ ಪ್ರಶ್ನೆ ಅದು. ಉತ್ತರಿಸದೆ ಅವರು ಕಾರು ತಿರುಗಿಸಿದರು.

ಹೋದದ್ದು ಫ್ಲರಿ ಎಂಬ ಊರಿಗೆ. ಊರೇ ಇಲ್ಲ, ಕಾಡಿದೆ. 1916ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ಫ್ರೆಂಚರೂ ಜರ್ಮನರೂ ಇಲ್ಲಿ ಬಡಿದಾಡಿದರು. ಆ ಬೇಸಿಗೆಯಲ್ಲಿ ಫ್ಲರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹದಿನಾರು ಬಾರಿ ಹೋಯಿತು. ಅಷ್ಟು ಹೊತ್ತಿಗೆ ಅಲ್ಲಿ ಗೆಲ್ಲುವುದಕ್ಕೆ ಒಂದು ಗೋಡೆಯೂ ಉಳಿದಿರಲಿಲ್ಲ. ನೆಲ ಈಗಲೂ ಸಮತಟ್ಟಾಗಿಲ್ಲ. ಗುಂಡು ಬಿದ್ದ ಕುಳಿಗಳು ಮಗ್ಗುಲಿಗೆ ಮಗ್ಗುಲು, ಮೇಲೆ ಹುಲ್ಲು. ಕುಳಿಗಳ ನಡುವಿನ ಕಾಲುಹಾದಿಯಲ್ಲಿ ಗುರುತಿನ ಕಂಬಗಳು: ಇಲ್ಲಿ ಬ್ರೆಡ್ಡಿನ ಅಂಗಡಿ ಇತ್ತು, ಇಲ್ಲಿ ಕಮ್ಮಾರನಿದ್ದ, ಇಲ್ಲಿ ಶಾಲೆ. ಬ್ರೆಡ್ಡಿನವನ ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ ಎಂದು ಮೇಡಂ ನಡೆದು ತೋರಿಸಿದರು. ಮಕ್ಕಳು ತಡವಾಗಿ ಬಂದರೆ ನೆಪ ಹೇಳಲು ಸಾಧ್ಯವೇ ಇರಲಿಲ್ಲ ಎಂದರು.

ವಿಷ, ಸಿಡಿಮದ್ದು ತುಂಬಿದ ಈ ಮಣ್ಣಿನಲ್ಲಿ ಮತ್ತೆ ಊರು ಕಟ್ಟುವಂತಿರಲಿಲ್ಲ. ಸರ್ಕಾರ ಮರ ನೆಟ್ಟಿತು. ಆದರೆ ಫ್ಲರಿಯಂಥ ಊರುಗಳ ಹೆಸರನ್ನು ಹೊಡೆದುಹಾಕಲಿಲ್ಲ. ದೇಶಕ್ಕಾಗಿ ಮಡಿದ ಊರುಗಳೆಂದು ಅವಕ್ಕೆ ಯೋಧರ ಗೌರವವನ್ನೇ ಕೊಟ್ಟು, 1919ರ ಕಾನೂನಿನಿಂದ ಕಮ್ಯೂನಿನ ಪಟ್ಟ ಉಳಿಸಿದರು. ಮತದಾರರಿಲ್ಲದ ಮೇಲೆ ಚುನಾವಣೆ ಎಲ್ಲಿಂದ? ಜಿಲ್ಲೆಯ ಪ್ರಿಫೆಕ್ಟ್, ನಮ್ಮ ಜಿಲ್ಲಾಧಿಕಾರಿಯಂಥವರು, ಮೂವರ ಸಮಿತಿ ನೇಮಿಸುತ್ತಾರೆ. ಅದರ ಅಧ್ಯಕ್ಷನೇ ಮೇಯರ್. ಹೆಗಲ ಮೇಲೆ ಅದೇ ಮೂರು ಬಣ್ಣದ ಪಟ್ಟಿ. ಚಿಕ್ಕ ಪ್ರಾರ್ಥನಾಮಂದಿರ, ಸ್ಮಾರಕ, ವರ್ಷದ ಸ್ಮರಣೆಯ ದಿನ ನೋಡಿಕೊಳ್ಳುವುದು ಅವನ ಕೆಲಸ. ಫ್ಲರಿ, ಬೆಜೊನ್ವೊ, ಬೊಮೊಂ, ಒಮೊಂ, ಲೂವ್‌ಮೊಂ, ಕ್ಯೂಮಿಯೇರ್ ಎಂದು ಆರೂ ಹೆಸರನ್ನು ಮೇಡಂ ಹಾಜರಿ ಕರೆದ ಹಾಗೆ ಹೇಳಿದರು.

ಸೊನ್ನೆ ಕಂಡ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆಯುವುದು ನಮ್ಮ ಇಲಾಖೆಯ ಕುಲಧರ್ಮವಾಗಿತ್ತು. ನನ್ನ ಕೈಗೆ ಈ ಕಡತ ಬಂದಿದ್ದರೆ 25ನ್ನು 19 ಮಾಡಿ, ಮಿತವ್ಯಯಕ್ಕೆ ಮೇಲಧಿಕಾರಿಯಿಂದ ಶಹಬ್ಬಾಸ್ ಗಿಟ್ಟಿಸಿ, ಸಂಜೆ ಹಾಯಾಗಿ ಮಸಾಲೆದೋಸೆ ತಿನ್ನುತ್ತಿದ್ದೆ. ಸದ್ಯ, ಬರಲಿಲ್ಲ. ಪದರದ ಮೇಲೆ ಪದರ, ಕಚೇರಿಯ ಮೇಲೆ ಕಚೇರಿ ಎಂದು ಫ್ರೆಂಚರೇ ಈ ವ್ಯವಸ್ಥೆಯನ್ನು ಬೈಯುತ್ತಾರೆ. ಬೈಗುಳದಲ್ಲಿ ನ್ಯಾಯವೂ ಇದೆ. ನೀರಿನ ಬಿಲ್ಲು ಒಬ್ಬರದು, ಮನೆ ಕಟ್ಟಲು ಪರವಾನಗಿಯ ಸಹಿ ಇನ್ನೊಬ್ಬರದು, ಹೈಸ್ಕೂಲು ಮಗದೊಬ್ಬರದು ಎಂದರೆ ಜನ ಸುಸ್ತಾಗದೆ ಇರುತ್ತಾರೆಯೇ? ಆದರೂ ಕಸದ ಲಾರಿಯನ್ನು ಹಂಚಿಕೊಳ್ಳಲು ಊರಿನ ಹೆಸರನ್ನು ಅಳಿಸಬೇಕಾಗಿಲ್ಲ ಎಂದು ಇವರು ಕಂಡುಕೊಂಡದ್ದು ನನಗೆ ಮೆಚ್ಚುಗೆಯಾಯಿತು.

ನೀವೂ ಆ ಕಡೆ ಹೋದರೆ ಫ್ಲರಿಯನ್ನು ನೋಡಿ ಬನ್ನಿ. ಅದರ ರೈಲು ನಿಲ್ದಾಣವಿದ್ದ ಜಾಗದಲ್ಲೇ ಈಗ ವೆರ್ಡನ್ ಸ್ಮಾರಕ ಸಂಗ್ರಹಾಲಯವಿದೆ, ದಾರಿ ಕೇಳುವುದು ಸುಲಭ. ಕಾಲುಹಾದಿ ಬಿಟ್ಟು ಕಾಡಿನೊಳಗೆ ಮಾತ್ರ ನುಗ್ಗಬೇಡಿ. ಸಿಡಿಯದ ಗುಂಡುಗಳು ಇನ್ನೂ ಆ ನೆಲದಲ್ಲಿವೆ.