ಟಿಎಂಸಿ ಕಾಕಾ

ಗೋವಾದ ಕುಡಚಡೆ ಸ್ಟೇಶನ್ ಹತ್ತಿರದ ಚಹಾದಂಗಡಿಯಲ್ಲಿ ಭಾಜಿ-ಪಾವ್ ತಟ್ಟೆ ಮೇಜಿಗೆ ಬಂತೆಂದರೆ ಗೋವಾ-ಕರ್ನಾಟಕ ಜಗಳದ ಮಹದಾಯಿ ಹರಿಯಲು ಶುರು. “ರಕ್ತಾ ಕೊಟ್ಟೇವು, ಒಂದು ಹನಿ ನೀರು ಕೊಡಾಂಗಿಲ್ಲ!” ಎನ್ನುತ್ತ ಕಾಕಾ ಪಾವಿನ ತುಂಡನ್ನು ಭಾಜಿಯಲ್ಲಿ ಅದ್ದುತ್ತಾರೆ. ಯಾರ ರಕ್ತ, ಯಾರ ನೀರು ಎಂದು ಕೇಳಿದವನು ದ್ರೋಹಿ. ಯಾವ ರಾಜ್ಯಕ್ಕೆ ದ್ರೋಹಿ ಎಂಬುದು ಮಾತ್ರ ಎದುರಿಗೆ ಕೂತವರನ್ನು ನೋಡಿ ತೀರ್ಮಾನವಾಗುತ್ತದೆ.

ಇಲ್ಲಿ ಗೋವೆಯ ಗೆಳೆಯರ ನಡುವೆ ಮಹದಾಯಿ “ನಮ್ಮವ್ವ”. ಕರ್ನಾಟಕದ ತಮ್ಮೂರ ಜಾತ್ರೆಗೆ ಹೊರಟ ರೈಲು ಕುಳೇಂನಲ್ಲಿ ಹಿಂದೊಂದು ಎಂಜಿನ್ ಹಚ್ಚಿಸಿಕೊಂಡು ಘಟ್ಟ ಹತ್ತುವಾಗ, ದೂಧಸಾಗರ ಕಾಣುವಷ್ಟು ಹೊತ್ತು ಕಾಕಾ ತಟಸ್ಥರು. ಕ್ಯಾಸಲ್‌ರಾಕ್ ದಾಟಿತೋ, “ಗೋವಾದವ್ರ ಸೊಕ್ಕು ಮುರೀಬೇಕು!” ಲೋಂಡಾ ಬರುವುದರೊಳಗೆ ಗೋವಾಕ್ಕೆ ಹೋಗುವ ಹಾಲು, ಕಾಯಿಪಲ್ಲೆ ಎಲ್ಲ ಬಂದ್. ತಮ್ಮ ಮನೆಯ ಪಲ್ಯಕ್ಕೂ ಅದೇ ಬೆಳಗಾವಿಯ ಬದನೆಕಾಯಿ ಬರಬೇಕೆಂಬುದು ಆಗ ನೆನಪಿರುವುದಿಲ್ಲ.

ಅಸಲಿಗೆ ಕುಡಚಡೆಯ ನಳಕ್ಕೆ ಬರುವುದು ಸಾಳಾವಳಿ ಅಣೆಕಟ್ಟಿನ ನೀರು. ಕಾಕಾರ ಊರು ಇಂಡಿ ತಾಲ್ಲೂಕಿನ ಭೀಮಾ ತೀರ. ಮಹದಾಯಿಯನ್ನು ತಿರುಗಿಸಿದರೂ ಅದು ಸೇರುವುದು ಮಲಪ್ರಭೆಯನ್ನು. ಎರಡೂ ಕಡೆ ಒಂದು ತಂಬಿಗೆಯೂ ಇವರ ಪಾಲಿಗಿಲ್ಲ. ಹಾಗಾಗಿಯೇ ಇಷ್ಟು ನಿಶ್ಚಿಂತೆಯಿಂದ ರಕ್ತ ಹರಿಸಬಲ್ಲರು.

2018ರ ಜನವರಿಯಲ್ಲಿ ಗೋವಾದ ಜಲಸಂಪನ್ಮೂಲ ಮಂತ್ರಿ ವಿನೋದ್ ಪಾಲಯೇಕರ್ ನದಿ ತಿರುಗಿಸುವ ಕಾಮಗಾರಿಯ ಕಣಕುಂಬಿಗೆ ಹೋಗಿಬಂದು ಕನ್ನಡಿಗರನ್ನು ಹರಾಮಿಗಳೆಂದರು, ಆಮೇಲೆ ಮಾತು ಹಿಂತೆಗೆದುಕೊಂಡರು. ಕಾಕಾರಿಗೆ ಸಿಟ್ಟು ಬಂದದ್ದು ಎರಡನೆಯದಕ್ಕೆ. “ಆಡಿದ್ದು ನುಂಗಿದ್ರ ನಾವು ಜಗಳಾ ಹೆಂಗ ಮಾಡೂದು?” ಅದೇ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಎಂದು ಹಂಚಿದಾಗಂತೂ ಪೂರ್ತಿ ಕುಸಿದರು. “ಪಾಯಿಂಟ್ ನಾಕು ಎರಡು ಅಂತ ಘೋಷಣಾ ಕೂಗಾಕ ಬರ್ತದೇನ್ರೀ?”

ಇದೇ ಮನುಷ್ಯ 2012ರಲ್ಲಿ ಕೋರ್ಟಿನ ತಡೆ ಬಿದ್ದು ಗೋವಾದ ಗಣಿ ನಿಂತಾಗ ಹೇಗಿದ್ದರು ಗೊತ್ತೇ? ಆಗ ಸಾವರ್ಡೆ ರಸ್ತೆಯಲ್ಲಿ ಅದಿರು ಲಾರಿ ಓಡಿಸುತ್ತಿದ್ದರು. ಕೆಲಸ ಹೋಯಿತು, ಮಗಳ ಫೀಸು ನಿಂತಿತು. ಕಾಕಾ ಗ್ಲಾಸಿನೊಳಗೆ ನೋಡುತ್ತ, “ಕೋರ್ಟು ಎರಡೂ ಕಡೆ ನೋಡಬೇಕಾಗ್ತದ. ನಮ್ಮ ಹೊಟ್ಟಿ ಹೌದು, ಆದ್ರ ಧೂಳಿಗೆ ಅವ್ರ ಗದ್ದಿ ಹಾಳಾಗಿದ್ದೂ ಖರೇನ ಅಲ್ಲ?” ಅಂದರು. ಆ ವರ್ಷ ನಾನು ಕೇಳಿದವುಗಳಲ್ಲಿ ತೂಕದ ಮಾತು ಅದೊಂದೇ.

ಮೊನ್ನೆ ಮನೆ ಮಾಲೀಕ ಬಾಡಿಗೆ ಸಾವಿರ ಏರಿಸಿದ. “ಪಾತ್ರಾಂವ್, ನಿಮ್ಮದೂ ಬ್ಯಾಡ, ನಮ್ಮದೂ ಬ್ಯಾಡ, ಐನೂರಕ್ಕ ನಿಲ್ಲಸೋಣು” ಎಂದು ಕಾಕಾ ಮೆತ್ತಗೆ ಕೊಂಕಣಿಯಲ್ಲಿ ಹೇಳಿ ಮುಗಿಸಿದರು. ಮರುದಿನ ಚಹಾದಂಗಡಿಯಲ್ಲಿ ಮಹದಾಯಿಯ ಮಾತು ಬಂದಾಗ ಅದೇ ಮಾಲೀಕನ ಎದುರು ಮೇಜು ಗುದ್ದಿದರು: “ನಡುವಿನ ದಾರಿ ಅನ್ನವ್ರ ಕಾಲ ಮುರೀಬೇಕು!” ಮಾಲೀಕ ಹೌದು ಹೌದೆಂದು ಇನ್ನೆರಡು ಚಹಾ ಹೇಳಿದ. ಬಿಲ್ಲು ಅರ್ಧ ಅರ್ಧ.