ಕೊರಳಪಟ್ಟಿ ಮೀಮಾಂಸೆ: ಗೆಟ್ಟವಾಡಿಯ ಅನಾಥ ನೋಟಬೇಟೆ ನಾಯಿಯನ್ನು ಕುರಿತು

ನಾಯಿಯ ಕೊರಳಲ್ಲಿ ಇರುವುದೇ ಕೊರಳಪಟ್ಟಿ ಎಂಬ ಲಕ್ಷಣವು ಲೋಕವ್ಯವಹಾರಕ್ಕೆ ಸಾಕಾದರೂ ಶಾಸ್ತ್ರಕ್ಕೆ ಸಾಲದು. ಏಕೆಂದರೆ ಅದೇ ಕೊರಳಲ್ಲಿ ಕಚ್ಚಿಕೊಂಡಿರುವ ಉಣ್ಣೆಗೂ ಈ ಲಕ್ಷಣ ಹೊಂದುವುದರಿಂದ ಅತಿವ್ಯಾಪ್ತಿ, ಅಂದರೆ ಬೇಡವಾದುದಕ್ಕೂ ಲಕ್ಷಣವು ಹಬ್ಬುವ ದೋಷ, ಉಂಟಾಗುತ್ತದೆ. ‘ನಾಯಿಯು ತಪ್ಪಿಸಿಕೊಳ್ಳದಂತೆ ಹಿಡಿಯುವ ಪಟ್ಟಿ’ ಎಂದು ತಿದ್ದಿದರೆ ಅವ್ಯಾಪ್ತಿ, ಅಂದರೆ ಬೇಕಾದುದನ್ನೇ ಲಕ್ಷಣವು ಬಿಟ್ಟುಬಿಡುವ ದೋಷ, ಎದುರಾಗುತ್ತದೆ. ಹೇಗೆಂದರೆ, ನೋಟಬೇಟೆ ನಾಯಿಯ ಮಟ್ಟಿಗೆ ಅಂಗಡಿಗಳಲ್ಲಿ ತೂಗುಹಾಕಿರುವ ಪಟ್ಟಿಗಳಲ್ಲಿ ಬಹುಪಾಲು ಪಟ್ಟಿಗಳೇ ಅಲ್ಲವೆಂದು ಹೇಳಬೇಕಾಗುತ್ತದೆ. ಶಾಸ್ತ್ರಕಾರರಿಗೆ ಇದರಲ್ಲಿ ಸಂಕೋಚವಿಲ್ಲ; ಅಂಗಡಿಯವರು ಮಾತ್ರ ಇನ್ನೂ ಒಪ್ಪಿಲ್ಲ.

ವಾಸನೆಯನ್ನು ನೆಚ್ಚದೆ ಕಣ್ಣಿಗೆ ಬಿದ್ದ ಪ್ರಾಣಿಯನ್ನು ಓಟದಿಂದಲೇ ಹಿಡಿಯುವ ನಾಯಿಯನ್ನು ನೋಟಬೇಟೆ ನಾಯಿ ಎನ್ನಬಹುದು. ಕರ್ನಾಟಕದ ಮುಧೋಳ, ತಮಿಳುನಾಡಿನ ಚಿಪ್ಪಿಪಾರೈ ಮತ್ತು ಕನ್ನಿ ಈ ವರ್ಗಕ್ಕೆ ಸೇರಿದವು. ತಾಳವಾಡಿ ಬೆಟ್ಟಸೀಮೆಯ ಗೆಟ್ಟವಾಡಿಯು 1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ಮದ್ರಾಸ್ ರಾಜ್ಯದಲ್ಲಿಯೇ ಉಳಿದು, ಮನೆಯಲ್ಲಿ ಕನ್ನಡವನ್ನೂ ಕಚೇರಿಯಲ್ಲಿ ತಮಿಳನ್ನೂ ನಡೆಸಿಕೊಂಡು ಬಂದಿರುವುದರಿಂದ, ಅಲ್ಲಿ ಯಾರೋ ಬಿಟ್ಟುಹೋದ ಬಡಕಲು ನಾಯಿಯೊಂದು ಸಿಕ್ಕರೆ ಅದು ಮುಧೋಳವೋ ಚಿಪ್ಪಿಪಾರೈಯೋ ಎಂಬ ವಿವಾದ ಏಳುವುದು ಸಹಜ. ಮೊಲದ ಬೇಟೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವಾದ ಕಾರಣ ನಾಯಿಯ ಪೂರ್ವಾಶ್ರಮದ ಬಗ್ಗೆ ಸಾಕ್ಷಿ ನುಡಿಯಲು ಯಾರೂ ಮುಂದೆ ಬರುವುದಿಲ್ಲ. ನಾಯಿಯೂ ಯಾವ ಪಕ್ಷವನ್ನೂ ವಹಿಸದೆ ರಾಗಿಮುದ್ದೆಯನ್ನು ಮುಗಿಸಿ ಮಲಗುತ್ತದೆ.

ಇತಿಹಾಸವನ್ನು ಬಿಟ್ಟು ಶಾಸ್ತ್ರಗ್ರಂಥವಿಲ್ಲ. ಕ್ರಿ.ಶ. 949-50ರ ಆತಕೂರು ಶಾಸನವು ಮಣಲೆರನೆಂಬ ವೀರನು ತನಗೆ ದೊರೆತ ಮೆಚ್ಚಿನ ಸಂದರ್ಭದಲ್ಲಿ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದುದನ್ನೂ, ಅದು ದೊಡ್ಡ ಹಂದಿಯೊಡನೆ ಹೋರಾಡಿ ಎರಡೂ ಸತ್ತುದನ್ನೂ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟುದನ್ನೂ ತಿಳಿಸುತ್ತದೆ. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಅಲ್ಲಿನ ಶೈವ ಅರ್ಚಕನಿಗೆ, ಪಾಪ ತಟ್ಟುತ್ತದೆ ಎಂಬಲ್ಲಿಯವರೆಗೆ ವಿವರಕ್ಕೆ ಇಳಿದ ಆ ಶಾಸನಕವಿಯು ಕಾಳಿಯ ಕೊರಳಪಟ್ಟಿ ಎಷ್ಟು ಅಂಗುಲ ಅಗಲವಿತ್ತು ಎಂಬುದನ್ನು ಹೇಳದೆ ಬಿಟ್ಟಿರುವುದು ಕನ್ನಡ ಶಾಸನಸಾಹಿತ್ಯಕ್ಕೆ ಆದ ನಷ್ಟವೆಂದೇ ಭಾವಿಸಬೇಕು.

ಸಮಸ್ಯೆಯ ಮೂಲ ಅಂಗರಚನೆಯಲ್ಲಿದೆ. ಬೇರೆ ನಾಯಿಗಳ ತಲೆ ಕತ್ತಿಗಿಂತ ಅಗಲವಾಗಿದ್ದು ಪಟ್ಟಿಗೆ ತಾನೇ ತಡೆಯಾಗಿ ನಿಲ್ಲುತ್ತದೆ. ನೋಟಬೇಟೆ ನಾಯಿಗೆ ಕತ್ತು ಉದ್ದ ಮತ್ತು ದಪ್ಪ, ತಲೆ ಕಿರಿದು, ಕಿವಿ ಹಿಂದಕ್ಕೆ ಮಡಿಚಿಕೊಳ್ಳುವಂಥದು. ಅದು ಬೆದರಿದಾಗ ಮುಂಗಾಲೂರಿ, ತಲೆ ತಗ್ಗಿಸಿ, ಎರಡು ಹೆಜ್ಜೆ ಹಿಂದೆ ಸರಿಯುತ್ತದೆ; ಅಷ್ಟರಲ್ಲಿ ಎಣ್ಣೆ ಹಚ್ಚಿದ ಕೈಯಿಂದ ಬಳೆ ಕಳಚುವಂತೆ ಪಟ್ಟಿಯು ಕಿವಿಯ ಮೇಲಿನಿಂದ ಜಾರಿ, ಬಕಲ್ ಹಾಕಿದ್ದಂತೆಯೇ ನೆಲಕ್ಕೆ ಬೀಳುತ್ತದೆ. ಹಗ್ಗ ಹಿಡಿದವನ ಕೈಯಲ್ಲಿ ಹಗ್ಗ, ಪಟ್ಟಿ ಎರಡೂ ಕ್ಷೇಮವಾಗಿರುತ್ತವೆ. ನಾಯಿ ಮಾತ್ರ ಅರಿಶಿನದ ಹೊಲದಾಚೆ ಇರುತ್ತದೆ. ಇದನ್ನು ತಪ್ಪಿಸಲು ಪಟ್ಟಿಯನ್ನು ಬಿಗಿದರೆ, ತೆಳು ಚರ್ಮ ಮತ್ತು ಗಿಡ್ಡ ಕೂದಲಿನ ಆ ಕತ್ತು ಉಜ್ಜಿ ಹುಣ್ಣಾಗುತ್ತದೆ, ಉಸಿರಿಗೂ ತೊಡಕು.

ಈ ವಿಷಯದಲ್ಲಿ ಪೂರ್ವಪಕ್ಷಗಳು, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಹೇಳುವ ಮತಗಳು, ಹಲವಿವೆ. ದನಕ್ಕೆ ಹಾಕುವ ಕಣ್ಣಿಯೇ ಸಾಕೆನ್ನುವ ಕಣ್ಣಿವಾದಿಗಳು ದನದ ತಲೆಯ ಮೇಲೆ ಎರಡು ಕೊಂಬುಗಳಿದ್ದು ಕಣ್ಣಿಯು ಅವುಗಳ ಕೃಪೆಯಿಂದ ನಿಂತಿದೆ ಎಂಬುದನ್ನು ಗಮನಿಸಿಲ್ಲ. ಎಳೆದಷ್ಟೂ ಬಿಗಿಯುವ ಜೀರುಕುಣಿಕೆಯನ್ನು ಹಾಕುವವರ ವಾದ ಬಲವಾದದ್ದು, ನಾಯಿ ಖಂಡಿತ ತಪ್ಪಿಸಿಕೊಳ್ಳುವುದಿಲ್ಲ. ಆದರೆ ಬಿಗಿತಕ್ಕೆ ಮಿತಿಯಿಲ್ಲದ್ದರಿಂದ ಬದುಕಿಯೂ ಉಳಿಯುತ್ತದೆಂಬ ಭರವಸೆಯಿಲ್ಲ. ಚಿರತೆಯು ಕೊರಳಿಗೇ ಬಾಯಿ ಹಾಕುವುದರಿಂದ ಹಿಮಾಲಯದ ಕುರಿಗಾಹಿಗಳು ಕಾವಲು ನಾಯಿಗೆ ತೊಡಿಸುವ ಕಬ್ಬಿಣದ ಮುಳ್ಳುಪಟ್ಟಿಯೇ ಆಗಬೇಕೆನ್ನುವವರು ಕೊನೆಯ ಪಂಥದವರು. ಆ ಪಟ್ಟಿಯು ದಟ್ಟ ಕೂದಲಿನ ಭಾರಿ ನಾಯಿಗೆ ತಕ್ಕದ್ದೇ ಹೊರತು, ದಿನದ ಬಹುಭಾಗ ಮನೆಯವರ ತೊಡೆಯ ಮೇಲೆ ಕತ್ತು ಚಾಚಿ ಮಲಗುವ ಪ್ರಾಣಿಗಲ್ಲ ಎಂಬುದು ತೊಡೆಯ ಕಡೆಯಿಂದ ಬರುವ ಆಕ್ಷೇಪ.

ಸಿದ್ಧಾಂತವು ಮಾರ್ಟಿಂಗೇಲ್ ಎಂಬ ಜೋಡಿಸುತ್ತಿನ ಪಟ್ಟಿ. ಅಗಲವಾದ ಪಟ್ಟಿಯ ಎರಡು ತುದಿಗಳಿಗೂ ಒಂದೊಂದು ರಿಂಗು ಹಾಕಿ, ಆ ಎರಡು ರಿಂಗುಗಳ ಮೂಲಕ ಇನ್ನೊಂದು ಸಣ್ಣ ಸುತ್ತನ್ನು ಹಾಯಿಸಿ, ಹಗ್ಗವನ್ನು ಆ ಸಣ್ಣ ಸುತ್ತಿಗೆ ಕಟ್ಟಬೇಕು. ಎಳೆದಾಗ ರಿಂಗುಗಳು ಹತ್ತಿರ ಬಂದು ಪಟ್ಟಿ ಬಿಗಿಯುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ, ಪಟ್ಟಿಯ ಅಳತೆಗಿಂತ ಹೆಚ್ಚು ಬಿಗಿಯಲಾರದು. ಕಿವಿಯ ಹಿಂಬದಿಯಲ್ಲಿ ಕತ್ತಿನ ಸುತ್ತಳತೆಯನ್ನೂ, ತಲೆಯ ಅತ್ಯಂತ ಅಗಲವಾದ ಭಾಗದ ಸುತ್ತಳತೆಯನ್ನೂ ಟೇಪಿನಿಂದ ತೆಗೆದುಕೊಂಡು, ಸಡಿಲವಾದಾಗ ತಲೆಯ ಮೇಲಿನಿಂದ ಇಳಿಯುವಂತೆಯೂ, ಪೂರ್ತಿ ಬಿಗಿದಾಗ ರಿಂಗುಗಳ ನಡುವೆ ಎರಡು ಬೆರಳಿನಷ್ಟು ಅಂತರ ಉಳಿಯುವಂತೆಯೂ ಹೊಲಿಯಬೇಕು. ರಿಂಗಿಗೆ ರಿಂಗು ತಾಗಿದರೆ ಪಟ್ಟಿ ದೊಡ್ಡದಾಯಿತೆಂದು ತಿಳಿಯಬೇಕು. ಅಗಲವು ಒಂದೂವರೆಯಿಂದ ಎರಡು ಅಂಗುಲವಿದ್ದರೆ, ಮೊಲ ಕಂಡು ನೆಗೆದ ನಾಯಿಗೆ ಹಗ್ಗದ ತುದಿಯಲ್ಲಿ ಬೀಳುವ ಜಗ್ಗು ಶ್ವಾಸನಾಳದ ಒಂದೇ ಜಾಗಕ್ಕೆ ತಾಗದೆ ಹರಡಿಕೊಳ್ಳುತ್ತದೆ.

ಬೆಲೆಯ ಪ್ರಶ್ನೆ ಉಳಿಯುತ್ತದೆ. ಇಂಥ ಪಟ್ಟಿಯನ್ನು ಹುಡುಕಿಕೊಂಡು ಚಾಮರಾಜನಗರಕ್ಕೆ ಹೋದರೂ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ ಹೋದರೂ ಬಸ್ ಚಾರ್ಜು ಪಟ್ಟಿಯ ಲೆಕ್ಕಕ್ಕೇ ಸೇರುವುದರಿಂದ, ಹರಿದ ಸ್ಕೂಲ್ ಬ್ಯಾಗಿನ ಹೆಗಲಪಟ್ಟಿ, ಒಳಪದರಕ್ಕೆ ಹಳೆಯ ಪಂಚೆಯ ತುಂಡು, ಬೆಸೆದ ರಿಂಗುಗಳು ಮತ್ತು ಚಪ್ಪಲಿ ಹೊಲಿಯುವವರ ಮೇಣದ ದಾರ ಇವುಗಳಿಂದ ಊರಿನಲ್ಲೇ ಹೊಲಿಸುವುದು ಶಾಸ್ತ್ರಸಮ್ಮತ. ಆದರೆ ಇದನ್ನು ತೊಡಿಸಿ ನಾಯಿಯನ್ನು ಕಟ್ಟಿಹಾಕುವುದಾಗಲಿ ಒಂಟಿಯಾಗಿ ಬಿಡುವುದಾಗಲಿ ನಿಷಿದ್ಧ. ಸಣ್ಣ ಸುತ್ತು ಲಂಟಾನದ ಕೊಂಬೆಗೋ ಬೇಲಿಯ ತಂತಿಗೋ ಸಿಕ್ಕಿದರೆ, ನಾಯಿ ಗಾಬರಿಯಿಂದ ಎಳೆದಂತೆಲ್ಲ ಬಿಗಿತ ಸಡಿಲದೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ನಡಿಗೆ ಮುಗಿದೊಡನೆ ಇದನ್ನು ತೆಗೆದು, ಮನೆಯವರ ಫೋನ್ ನಂಬರ್ ಬರೆದ ಹಗುರವಾದ ಪಟ್ಟಿಯೊಂದನ್ನು ಸಡಿಲವಾಗಿ ಹಾಕಬೇಕು. ಅದರ ಮೇಲೆ ಕನ್ನಡವಿರಬೇಕೋ ತಮಿಳಿರಬೇಕೋ ಎಂಬ ವಿವಾದಕ್ಕೆ ಎಡೆಯಿಲ್ಲ, ಅಂಕಿಗಳನ್ನು ಎರಡೂ ಕಡೆಯವರು ಓದುತ್ತಾರೆ. ಸತ್ಯಮಂಗಲ ಹುಲಿ ಮೀಸಲು ಅರಣ್ಯದಿಂದ ಬರುವ ಚಿರತೆಗೆ ಅಂಕಿಗಳೂ ಬಾರದ ಕಾರಣ, ಅದರ ಮಟ್ಟಿಗೆ ಯಾವ ಪಟ್ಟಿಯೂ ಪ್ರಮಾಣವಲ್ಲ. ಕತ್ತಲಾಗುವ ಮೊದಲೇ ನಾಯಿಯನ್ನು ಒಳಕ್ಕೆ ಕರೆದುಕೊಂಡು ಬಾಗಿಲಿಗೆ ಅಗುಳಿ ಹಾಕಬೇಕು.