ಕಿನ್ನರಕಥಾಲೋಕದ ಪಾತ್ರಗಳಲ್ಲಿ ಪ್ರೇಮ ಮತ್ತು ನಿಷ್ಠೆಯ ನೆಲೆಗಳು: ಒಂದು ಬಹುಶಿಸ್ತೀಯ ತೌಲನಿಕ ಸಂಕಥನ

1. ವ್ಯಾಖ್ಯೆ ಮತ್ತು ವ್ಯಾಪ್ತಿ

ಒಂದಾನೊಂದು ಕಾಲದಲ್ಲಿ, ಒಂದಾನೊಂದು ಊರಿನಲ್ಲಿ, ಒಬ್ಬ ರಾಜನಿರುವ ಭೂಭಾಗಕ್ಕೆ ಕಿನ್ನರಕಥಾಲೋಕವೆಂದು ಹೆಸರು. ಅದರ ಉತ್ತರಕ್ಕೆ ಏಳು ಸಮುದ್ರ, ದಕ್ಷಿಣಕ್ಕೆ ಕಾರಡವಿ, ಪೂರ್ವಕ್ಕೆ ಅಡುಗೂಲಜ್ಜಿಯ ಮನೆ. ಪಶ್ಚಿಮದ ಗಡಿ ವಿವಾದದಲ್ಲಿದೆ. ಮಕ್ಕಳು ಇದನ್ನು ಅಜ್ಜಿಕತೆ ಎನ್ನುತ್ತಾರೆ. ವಿದ್ವತ್ ವಲಯದಲ್ಲಿ ಆ ಪದಕ್ಕೆ ಮಾನ್ಯತೆಯಿಲ್ಲ. ಕೇಳಿದ ಕೂಡಲೇ ಅರ್ಥವಾಗುವ ಪದಗಳಿಂದ ಬಡ್ತಿ ಸಿಕ್ಕ ನಿದರ್ಶನವಿಲ್ಲ.

ಈ ಲೋಕದ ಪ್ರೇಮವನ್ನು ‘ಅನುಪಸ್ಥಿತ ಅನ್ಯವನ್ನು ಕುರಿತ ಪೂರ್ವಾಪೇಕ್ಷಿತ ಭಾವಸಂಚಲನದ ಸಂಕಥನಾತ್ಮಕ ನೆಲೆ’ ಎಂದೂ, ನಿಷ್ಠೆಯನ್ನು ‘ಸದರಿ ನೆಲೆಯ ಮರುನೆಲೆಗೊಳ್ಳುವಿಕೆಯ ಪ್ರಕ್ರಿಯಾತ್ಮಕತೆ’ ಎಂದೂ ಗ್ರಹಿಸಲಾಗಿದೆ. ಮೊದಲನೆಯದರ ಅರ್ಥ, ಹುಡುಗಿ ಇನ್ನೂ ಸಿಕ್ಕಿಲ್ಲ. ಎರಡನೆಯದರ ಅರ್ಥ, ಸಿಕ್ಕ ಮೇಲೂ ಬಿಟ್ಟಿಲ್ಲ. ‘ನೆಲೆ’ ಎಂಬ ಪದವನ್ನು ಇಲ್ಲಿ ಹದಿನಾರು ಅರ್ಥಗಳಲ್ಲಿ ಬಳಸಲಾಗಿದ್ದು, ಎಲ್ಲಿ ಯಾವುದು ಎಂಬುದನ್ನು ಓದುಗರು ತಂತಮ್ಮ ನೆಲೆಯಲ್ಲಿ ಕಂಡುಕೊಳ್ಳತಕ್ಕದ್ದು.

2. ಆಕರ ಮತ್ತು ವಿಧಾನ

ಕತೆಗಳನ್ನು ಕೇಳುವುದು ಮೊದಲ ವಿಧಾನವಾಗಿತ್ತು. ಅದು ಅವೈಜ್ಞಾನಿಕವೆಂದು ತಿಳಿದುಬಂದ ಮೇಲೆ ಎಣಿಸುವುದು ರೂಢಿಗೆ ಬಂತು. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಕತೆಗಳ ವರ್ಗಸೂಚಿಯನ್ನು ಪ್ರಕಟಿಸಿದ. ಅಮೆರಿಕದ ಇಂಡಿಯಾನಾದಲ್ಲಿದ್ದ ಸ್ಟಿತ್ ಥಾಮ್ಸನ್ ಅದನ್ನು ಬೆಳೆಸಿ, 1932ರಿಂದ 1936ರವರೆಗೆ ಆರು ಸಂಪುಟಗಳ ಆಶಯಸೂಚಿಯನ್ನು ಬೇರೆಯಾಗಿ ಹೊರತಂದ. ಲೋಕದ ಕತೆಗಳಲ್ಲಿ ಬರುವ ಸಂಗತಿಗಳೆಲ್ಲಕ್ಕೂ ಅದರಲ್ಲಿ ಒಂದು ಅಕ್ಷರ, ಒಂದು ಸಂಖ್ಯೆ. ಪ್ರೇಮಕ್ಕೆ ಸಿಕ್ಕಿದ್ದು ‘ಟಿ’ ಅಕ್ಷರ, ಸೊನ್ನೆಯಿಂದ 99ರವರೆಗೆ; 100ರಿಂದ ಮದುವೆ ಶುರು. ರಷ್ಯದ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಕಿನ್ನರಕಥೆಯ ಕ್ರಿಯೆಗಳನ್ನೆಲ್ಲ ಎಣಿಸಿ ಒಟ್ಟು 31 ಎಂದು ತೀರ್ಮಾನಿಸಿದ. ಕಡೆಯದು ಮದುವೆ. ಅಲ್ಲಿಂದಾಚೆಗೆ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲವೆಂದು ಅರ್ಥ.

ಇವರೆಲ್ಲ ಮಹಾ ಪರಿಶ್ರಮಿಗಳು. ದೂರು ಅವರ ಮೇಲಲ್ಲ. ಕತೆಯ ಪಕ್ಕದಲ್ಲಿ ಸಂಖ್ಯೆ ಬರೆದೊಡನೆ ಕತೆ ಅರ್ಥವಾಯಿತೆಂದು ವಿಚಾರ ಸಂಕಿರಣಗಳಲ್ಲಿ ಶಾಲು ಹೊದೆಸಿಕೊಳ್ಳುವ ಪರಂಪರೆ ಬೇರೆಯದು. ಪ್ರಸ್ತುತ ಪ್ರಬಂಧ ಆ ಪರಂಪರೆಗೆ ಸೇರಿದ್ದು.

3. ವರ್ಗೀಕರಣ

ನವವಿಧ ಭಕ್ತಿಯ ಮಾದರಿಯಲ್ಲಿ ಪ್ರೇಮನಿಷ್ಠೆಗಳನ್ನು 9 ವರ್ಗ, 27 ಉಪವರ್ಗ ಹಾಗೂ 81 ಒಳ ಉಪವರ್ಗಗಳಾಗಿ ವಿಂಗಡಿಸಲಾಗಿದೆ.

3.1 ಕೇಶಮೂಲ ಏಕದೇಶಾನುರಾಗ. ರಾಜಕುಮಾರ ಹೊಳೆಯಲ್ಲಿ ಮೀಯುತ್ತಿರುತ್ತಾನೆ. ಒಂದು ಎಲೆದೊನ್ನೆ ತೇಲಿ ಬರುತ್ತದೆ. ಅದರೊಳಗೆ ಸುತ್ತಿಟ್ಟ ಒಂದು ಉದ್ದನೆಯ ಕೂದಲು. ಕೂದಲು ಹೀಗಿದ್ದರೆ ಕೂದಲಿನವಳು ಹೇಗಿದ್ದಾಳೋ ಎಂದು ರಾಜಕುಮಾರ ಅರಮನೆಗೆ ಬಂದು, ಅನ್ನನೀರು ಬಿಟ್ಟು, ಮುಸುಕು ಹೊದ್ದು ಮಲಗುತ್ತಾನೆ. ಥಾಮ್ಸನ್ ಸೂಚಿಯಲ್ಲಿ ಇದರ ಸಂಖ್ಯೆ ಟಿ 11.4.1. ಇದರ ಅಕ್ಕಪಕ್ಕದಲ್ಲಿ ಹೊಗಳಿಕೆ ಕೇಳಿ ಹುಟ್ಟುವ ಪ್ರೇಮ (ಟಿ 11.1), ಚಿತ್ರಪಟ ನೋಡಿ ಹುಟ್ಟುವುದು (ಟಿ 11.2), ಕನಸಿನಲ್ಲಿ ಕಂಡು ಹುಟ್ಟುವುದು (ಟಿ 11.3) ವಾಸವಾಗಿವೆ, ಕೂದಲಿಗೆ ತಾಗಿಕೊಂಡೇ ಚಪ್ಪಲಿಯ ಪ್ರೇಮ (ಟಿ 11.4.2) ಇದೆ. ಇಡೀ ಹುಡುಗಿಯನ್ನು ಕಂಡು ಒಲಿಯುವುದಕ್ಕೆ ಟಿ 15ರವರೆಗೆ ಕಾಯಬೇಕು.

ಈ ವರ್ಗದ ವಿಶೇಷ ಲಕ್ಷಣ ‘ಶಯ್ಯಾಕೇಂದ್ರಿತ ವಿರಹ’. ಹುಡುಕಲು ಹೋಗುವವನು ಮಂತ್ರಿ. ಪತ್ತೆ ಹಚ್ಚುವವಳು ಅಡುಗೂಲಜ್ಜಿ. ದಾರಿ ತೋರುವುದು ಗಿಳಿ. ಪ್ರೇಮಿಯ ಪಾಲಿಗೆ ಬಂದದ್ದು ಮಲಗುವ ಕೆಲಸ. ಅದನ್ನು ಆತ ಶ್ರದ್ಧೆಯಿಂದ ನಿರ್ವಹಿಸುತ್ತಾನೆ.

3.2 ಬಹಿರ್ನಿಕ್ಷಿಪ್ತಪ್ರಾಣ ದಾಂಪತ್ಯ. ರಾಕ್ಷಸ ಅಥವಾ ಮಾಂತ್ರಿಕ ತನ್ನ ಪ್ರಾಣವನ್ನು ಮೈಯೊಳಗಿಟ್ಟುಕೊಳ್ಳದೆ ದೂರದ ಗಿಳಿಯೊಂದರಲ್ಲಿ ಇಟ್ಟಿರುತ್ತಾನೆ. ಆಶಯಸೂಚಿಯಲ್ಲಿ ಇ 710, ಆರ್ನೆಯ ವರ್ಗಸೂಚಿಯಲ್ಲಿ 302. ಮೇರಿ ಫ್ರೆರ್ 1868ರಲ್ಲಿ ಪ್ರಕಟಿಸಿದ ದಖನ್ನಿನ ಕತೆಗಳ ಸಂಗ್ರಹದಲ್ಲಿ ಪಂಚ್‌ಕಿನ್ ಎಂಬ ಮಾಂತ್ರಿಕನಿದ್ದಾನೆ. ಅವನ ಪ್ರಾಣವಿರುವುದು ದಟ್ಟ ಕಾಡಿನ ನಡುವೆ, ತಾಳೆಮರಗಳ ಸುತ್ತಿನೊಳಗೆ, ಒಂದರ ಮೇಲೊಂದು ಇಟ್ಟ ಆರು ನೀರಿನ ಕೊಡಗಳ ಅಡಿಯ ಪಂಜರದಲ್ಲಿ, ಹಸಿರು ಗಿಳಿಯ ಒಳಗೆ. ಹನ್ನೆರಡು ವರ್ಷದಿಂದ ಸೆರೆಯಲ್ಲಿರುವ ಬಾಲ್ನಾ ಒಂದು ದಿನ ನಯವಾಗಿ ಕೇಳುತ್ತಾಳೆ. ಅವನು ಹೇಳಿಬಿಡುತ್ತಾನೆ. ಗಿಳಿಯ ರೆಕ್ಕೆ ಕಿತ್ತರೆ ಅವನ ತೋಳು ಬೀಳುತ್ತದೆ, ಕಾಲು ಕಿತ್ತರೆ ಕಾಲು, ಕಡೆಗೆ ಕತ್ತು.

ಹೆಣ್ಣು ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳುವ ಗಂಡು ಈ ಲೋಕದಲ್ಲಿ ರಾಕ್ಷಸನೊಬ್ಬನೇ ಎಂಬುದು ಗಮನಾರ್ಹ. ಆದರೆ ಕದ್ದು ತಂದು ಕೂಡಿಹಾಕಿದವಳಿಗೆ ನಿಜ ಹೇಳುವುದನ್ನು ದಾಂಪತ್ಯವೆನ್ನಬಹುದೇ ಎಂಬ ಪ್ರಶ್ನೆ ಶೀರ್ಷಿಕೆ ಬರೆದ ಮೇಲೆ ಹೊಳೆದದ್ದರಿಂದ ಶೀರ್ಷಿಕೆಯನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

3.3 ಶಿಲಾಂತ ಸಖ್ಯ. ವರ್ಗಸೂಚಿಯಲ್ಲಿ 516. ಮಂತ್ರಿಕುಮಾರ ರಾಜಕುಮಾರನ ಜೀವದ ಗೆಳೆಯ. ಮುಂದೆ ರಾಜನಾಗುವ ಅವನಿಗೆ ಬರಲಿರುವ ಗಂಡಾಂತರಗಳನ್ನು ಮಂತ್ರಿಕುಮಾರ ಹಕ್ಕಿಗಳ ಮಾತಿನಿಂದ ತಿಳಿದುಕೊಳ್ಳುತ್ತಾನೆ. ಬಾಯಿ ಬಿಟ್ಟರೆ ಕಲ್ಲಾಗುತ್ತಾನೆ. ನಡುರಾತ್ರಿ ಶಯ್ಯಾಗೃಹದಲ್ಲಿ ಹಾವನ್ನು ಕೊಂದು, ರಾಣಿಯ ಹಣೆಗೆ ಸಿಡಿದ ರಕ್ತ ತೆಗೆಯಲು ಬಾಗಿದಾಗ ರಾಜನಿಗೆ ಎಚ್ಚರವಾಗುತ್ತದೆ. ಇಷ್ಟು ವರ್ಷದ ಗೆಳೆತನ ಒಂದು ಗಳಿಗೆಯ ಅನುಮಾನವನ್ನು ತಡೆದುಕೊಳ್ಳುವುದಿಲ್ಲ. ಗೆಳೆಯ ನಡೆದದ್ದನ್ನು ಹೇಳುತ್ತ ಹೇಳುತ್ತ ಕಲ್ಲಾಗುತ್ತಾನೆ. ಅವನು ಮತ್ತೆ ಮನುಷ್ಯನಾಗಲು ರಾಣಿಯ ಮಗು ಹುಟ್ಟಿ, ನಡೆದಾಡಿ, ಬಂದು ಮುಟ್ಟಬೇಕು. ನಂಬಿಕೆಯ ವಿಷಯದಲ್ಲಿ ರಾಜರಿಗಿಂತ ಮಕ್ಕಳು ವಾಸಿ ಎಂಬುದರ ಹೊರತು ಇಲ್ಲಿ ಸೈದ್ಧಾಂತಿಕವಾದದ್ದೇನೂ ದೊರೆಯಲಿಲ್ಲ.

3.4 ಚತುಷ್ಪಾದ ಸ್ವಾಮಿನಿಷ್ಠೆ. ಕತೆಗಳಲ್ಲಿ ಯಜಮಾನನ ಮಗುವನ್ನು ಕಾಯುವ ಮುಂಗುಸಿ ಕಡೆಗೆ ಯಜಮಾನತಿಯ ಕೈಯಲ್ಲೇ ಸಾಯುತ್ತದೆ. ಹೋಲಿಕೆಗಾಗಿ ಲೋಕದ ಗಡಿ ದಾಟಿ ಇತಿಹಾಸಕ್ಕೆ ಬಂದರೆ, ಮದ್ದೂರು ಬಳಿಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರ ಒಂದು ಕಲ್ಲು ಸಿಗುತ್ತದೆ. ಈಗ ಅದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತ ಬೇಟೆನಾಯಿಗಾಗಿ ನಿಲ್ಲಿಸಿದ ಕಲ್ಲು ಅದು. ನಾಯಿಯ ಹೆಸರು ಕಾಳಿ. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

3.5 ಪುಷ್ಪೋತ್ಪಾದನಾಧೀನ ದಾಂಪತ್ಯ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಹೂಮರವಾಗುವ ಹುಡುಗಿಯ ಕತೆ ಇದಕ್ಕೆ ಮಾದರಿ. ತಾಯಿಯ ದುಡಿಮೆ ನೋಡಲಾರದೆ ಕಿರಿಯ ಮಗಳು ಮರವಾಗುತ್ತಾಳೆ. ಅಕ್ಕ ಒಂದು ಕೊಡ ನೀರು ಸುರಿಯಬೇಕು. ರೆಂಬೆ ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಬೇಕು. ಮತ್ತೊಂದು ಕೊಡ ಸುರಿದರೆ ಹುಡುಗಿ. ಹೂ ಮಾರಿದ ದುಡ್ಡಿನಿಂದ ಮನೆ ನಡೆಯುತ್ತದೆ. ಗುಟ್ಟು ತಿಳಿದ ರಾಜಕುಮಾರ ಮದುವೆಯಾಗುತ್ತಾನೆ. ಅವನ ಬೇಡಿಕೆ ಒಂದೇ: ದಿನಾ ರಾತ್ರಿ ಮರವಾಗಬೇಕು, ಹಾಸಿಗೆ ತುಂಬ ಹೂ ಬೇಕು. ಹೂವಿನ ರಾಶಿ ಕಂಡು ಕುತೂಹಲಗೊಂಡ ನಾದಿನಿ ಅವಳನ್ನು ತೋಟಕ್ಕೆ ಕರೆದೊಯ್ದು ಮರವಾಗಿಸುತ್ತಾಳೆ. ಹುಡುಗಿಯರೆಲ್ಲ ಮೇಲೆ ಬಿದ್ದು ರೆಂಬೆ ಮುರಿದು ಹೂ ಕೀಳುತ್ತಾರೆ. ನೀರನ್ನು ಅರ್ಧಂಬರ್ಧ ಎರಚಿ ಹೋಗುತ್ತಾರೆ. ಕೈಯಿಲ್ಲದ, ಕಾಲಿಲ್ಲದ ಮೈಯೊಂದು ಚರಂಡಿಯಲ್ಲಿ ಉಳಿಯುತ್ತದೆ.

ಈ ವರ್ಗದ ಅಡಿಯಲ್ಲಿ ‘ಪತಿಯ ಸೌಂದರ್ಯಾರಾಧನೆ’, ‘ಸತಿಯ ಸಸ್ಯಾತ್ಮಕ ಸಮರ್ಪಣೆ’, ‘ನಿಸರ್ಗ–ನಾರಿ ಅದ್ವೈತ’ ಎಂಬ ಮೂರು ಉಪವರ್ಗಗಳನ್ನು ಯೋಜಿಸಲಾಗಿತ್ತು. ಆಗಬೇಕಾಗಿರಲಿಲ್ಲ. ತಾಯಿಗಾಗಿ ಮರವಾದಾಗ ಅಕ್ಕನ ಕೈ ಎಷ್ಟು ಹಗುರವಾಗಿತ್ತೋ ಅದೇ ಪ್ರೀತಿ, ಉಳಿದದ್ದು ಫಸಲು. ಇದನ್ನು ಹೇಳಲು ಉಪವರ್ಗ ಬೇಕಿಲ್ಲ. ಕಡೆಯಲ್ಲಿ ಗಂಡ ಮುರಿದ ರೆಂಬೆಗಳನ್ನು ಒಂದೊಂದಾಗಿ ಜೋಡಿಸಿ, ಜತನದಿಂದ ನೀರು ಸುರಿಯುವುದನ್ನು ಕಲಿಯುತ್ತಾನೆ. ಅಷ್ಟು ಕಲಿಯಲು ಅವನು ಭಿಕಾರಿಯಾಗಿ ಊರೂರು ಅಲೆಯಬೇಕಾಯಿತು.

3.6 ಸರ್ಪರೂಪಿ ನಿಶಾಪತಿತ್ವ. ಹೆಂಡತಿಯನ್ನು ಮನೆಯಲ್ಲಿಟ್ಟು ಬೀಗ ಹಾಕಿ ಹೋಗುವ ಗಂಡ ಹಗಲಿನವನು. ಹುತ್ತಕ್ಕೆ ಸುರಿದ ವಶೀಕರಣದ ಸಾರು ಕುಡಿದು, ಅದೇ ಗಂಡನ ರೂಪದಲ್ಲಿ ಬಂದು, ಅವಳನ್ನು ಮಾತಾಡಿಸುವ ನಾಗ ರಾತ್ರಿಯವನು. ಗಿರೀಶ ಕಾರ್ನಾಡರ ‘ನಾಗಮಂಡಲ’ದಿಂದಲೂ, ಅದನ್ನಾಧರಿಸಿ ಟಿ.ಎಸ್. ನಾಗಾಭರಣ 1997ರಲ್ಲಿ ತೆಗೆದ ಚಿತ್ರದಿಂದಲೂ ಈ ಕತೆ ಕನ್ನಡಿಗರಿಗೆ ಪರಿಚಿತ. ವೇಷ ಮರೆಸಿ ಬಂದದ್ದು ಸೂಚಿಯ ಪ್ರಕಾರ ವಂಚನೆ, ‘ಕೆ’ ಅಧ್ಯಾಯ. ಬೀಗ ಹಾಕಿದ್ದು ಯಾವ ಅಧ್ಯಾಯವೆಂದು ಹುಡುಕುವ ಉತ್ಸಾಹ ಉಳಿದಿಲ್ಲ.

3.7ರಿಂದ 3.9ರವರೆಗಿನ ವರ್ಗಗಳನ್ನೂ ಒಳ ಉಪವರ್ಗಗಳನ್ನೂ ಕೈಬಿಡಲಾಗಿದೆ.

4. ವಿಶೇಷ ಅಧ್ಯಯನ: ಕೆರೆಗೆ ಹಾರ

ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬರಲಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರು, ಸೊಸೆಯೊಬ್ಬಳನ್ನು ಕೊಡಬೇಕೆಂದಾಯಿತು. ಹಿರಿಯ ಸೊಸೆ ಮನೆ ನಡೆಸಲು ಬೇಕು. ಕಿರಿಯವಳು ಭಾಗೀರಥಿ. ಈ ಲಾವಣಿಯನ್ನು ಕುರಿತ ಭಾಷಣಗಳಲ್ಲಿ ‘ತ್ಯಾಗ’, ‘ಆತ್ಮಾರ್ಪಣೆ’, ‘ಸಮಷ್ಟಿಗಾಗಿ ವ್ಯಷ್ಟಿಯ ವಿಸರ್ಜನೆ’ ಎಂಬ ಪದಗಳು ತಪ್ಪದೆ ಬರುತ್ತವೆ. ಚಪ್ಪಾಳೆಯೂ ತಪ್ಪುವುದಿಲ್ಲ.

ತ್ಯಾಗ ಮಾಡುವವರು ಕೊಡುತ್ತಾರೆ. ಭಾಗೀರಥಿಯನ್ನು ಕೊಟ್ಟರು. ಕ್ರಿಯಾಪದದ ಇಷ್ಟು ಸಣ್ಣ ವ್ಯತ್ಯಾಸ ಕಾಣದವರಿಗೆ ಡಾಕ್ಟರೇಟ್ ಕೊಡುವ ವ್ಯವಸ್ಥೆ ನಾಚಿಕೊಳ್ಳಬೇಕು. ದೂರದ ಇಂಡಿಯಾನಾದಲ್ಲಿ ಕೂತು, ಪ್ರೇಮಕ್ಕೆ ನೂರು ಅಂಕಿಯ ಗೂಡು ಕಟ್ಟಿಕೊಟ್ಟ ಅದೇ ಥಾಮ್ಸನ್, ಕಟ್ಟಡಕ್ಕೆ ಮನುಷ್ಯರನ್ನು ಬಲಿ ಕೊಡುವ ಆಶಯವನ್ನು ‘ಟಿ’ಯಲ್ಲಿ ಇಡಲಿಲ್ಲ. ಎಸ್ 261ರಲ್ಲಿ ಇಟ್ಟ. ‘ಎಸ್’ ಅಧ್ಯಾಯದ ಹೆಸರು ಅಸಹಜ ಕ್ರೌರ್ಯ. ಮೇಲೆ ನಗೆಯಾಡಿದ ಸೂಚಿಗೆ ಕಂಡದ್ದು, ಇದೇ ನೆಲದ ಭಾಷಣಕಾರರಿಗೆ ಕಾಣಲಿಲ್ಲ.

ಈ ಲಾವಣಿಯಲ್ಲಿ ಪ್ರೀತಿ ಇದೆ. ಅದು ಕೆರೆಯ ದಂಡೆಯ ಮೇಲಿಲ್ಲ. ಸುದ್ದಿ ತಿಳಿದ ಭಾಗೀರಥಿ ತವರಿಗೆ ಹೋಗುತ್ತಾಳೆ. ಮುಖ ಯಾಕೆ ಬಾಡಿದೆ ಎಂದು ಅಪ್ಪ ಕೇಳಿದರೆ, ಅತ್ತೆಮಾವ ಬೇರೆ ಮನೆ ಮಾಡಿ ಇಡುತ್ತಾರಂತೆ ಎನ್ನುತ್ತಾಳೆ. ಅಷ್ಟೇ. ಸಾಯಲು ಹೊರಟವಳು ಬೇರೆ ಒಲೆ ಹೂಡುವ ಸಣ್ಣ ಸಂಕಟವೊಂದನ್ನು ಹುಡುಕಿ, ಅದನ್ನು ತನ್ನ ಸಾವಿನ ಮೇಲೆ ಮುಚ್ಚಿ ಬರುತ್ತಾಳೆ. ನಿಜ ಹೇಳಿದ್ದು ಗೆಳತಿಗೆ ಮಾತ್ರ; ಅವಳೂ ಇಟ್ಟ ಹಾಗೆ ಇರಬೇಕೆಂದಳು. ಆಮೇಲೆ ಪೂಜೆ, ಊಟ, ಮರೆತ ನೆಪದಲ್ಲಿ ಬಿಟ್ಟು ಬಂದ ಬಂಗಾರದ ಬಟ್ಟಲು, ಅದನ್ನು ತರಲು ಹೋದವಳ ಪಾದಕ್ಕೆ, ಮೊಣಕಾಲಿಗೆ, ನಡುವಿಗೆ ಏರಿದ ನೀರು. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿಬಂದು ಕೇಳಿದರೆ, ತವರಿಗೆ ಹೋಗಿದ್ದಾಳೆ ಎಂದು ಮನೆಯವರು ಹೇಳುತ್ತಾರೆ. ಕಡೆಗೆ ಅವನೂ ಅದೇ ಕೆರೆಗೆ ಹಾರುತ್ತಾನೆ.

ಒಂದೇ ಹಾಡಿನಲ್ಲಿ ಎರಡು ಸುಳ್ಳು. ಅಪ್ಪನ ಎದೆ ಒಡೆಯಬಾರದೆಂದು ಮಗಳು ಹೇಳಿದ್ದು ಒಂದು, ತಮ್ಮ ಕೈ ಕಾಣಬಾರದೆಂದು ಅತ್ತೆಮಾವ ಹೇಳಿದ್ದು ಇನ್ನೊಂದು. ಪ್ರೇಮದ ಪ್ರಭೇದಗಳನ್ನು ಬಿಡಿಸುವ ಆಸೆಯಿದ್ದವರು ಈ ಎರಡರ ನಡುವೆ ಗೆರೆ ಎಳೆದಿದ್ದರೆ ಸಾಕಿತ್ತು.

5. ವಕ್ತೃ

ಕತೆ ಹೇಳುವವರಿಗೆ ಸಂಶೋಧನೆಯಲ್ಲಿ ‘ವಕ್ತೃ’ ಎಂದು ಹೆಸರು. ಅವರ ಸ್ವಂತ ಹೆಸರು ಬಿಟ್ಟುಹೋದಾಗ ಇದು ಉಪಯೋಗಕ್ಕೆ ಬರುತ್ತದೆ. ಮೇರಿ ಫ್ರೆರ್ 1868ರ ತನ್ನ ಪುಸ್ತಕದಲ್ಲಿ ಕತೆಗಳನ್ನು ಹೇಳಿದ ಆಯಾ ಅನ್ನಾ ಲಿಬರಾಟಾ ಡಿಸೋಜಾಳ ಬದುಕನ್ನು ಅವಳ ಬಾಯಲ್ಲೇ ಹೇಳಿಸಿ ಒಂದು ಅಧ್ಯಾಯ ಕೊಟ್ಟಳು. ಆಕೆ ಗವರ್ನರನ ಮಗಳು, ಈಕೆ ಮನೆಯ ಆಳು. ಆದರೂ ಅಷ್ಟು ಮಾಡಿದಳು. ನೂರು ವರ್ಷಗಳಾಚೆ, ಸ್ವತಂತ್ರ ದೇಶದ ಎಷ್ಟೋ ಮಹಾಪ್ರಬಂಧಗಳಲ್ಲಿ ಆ ಅಧ್ಯಾಯ ಒಂದು ಸಾಲಿಗೆ ಇಳಿದಿದೆ: ಹೆಣ್ಣು, 70, ನಿರಕ್ಷರಿ, ಕೂಲಿ. ಸಾವಿರ ವರ್ಷದ ಹಿಂದೆ ಸತ್ತ ನಾಯಿಯ ಹೆಸರು ಕಾಳಿ ಎಂಬುದು ಎಲ್ಲರಿಗೂ ಗೊತ್ತು.

ಈ ಲೋಕದ ಸಕಲ ಪ್ರೇಮವೂ ಆ ಒಂದು ಸಾಲಿನವಳ ಮೂಲಕ ಬಂದದ್ದು. ಕೂದಲಿಗೆ ಮರುಳಾದವನನ್ನು ನೋಡಿ ನಕ್ಕವಳು ಅವಳು. ರಾಕ್ಷಸನ ಗಿಳಿಯ ಕತ್ತು ಮುರಿಸಿದವಳು ಅವಳು. ಮರವಾದವಳ ರೆಂಬೆಗಳನ್ನು ಗಂಡನ ಕೈಯಿಂದಲೇ ಜೋಡಿಸಿದವಳೂ ಅವಳೇ. ಮದುವೆಗೆ ಮುಗಿಯುವುದು ಗಂಡಸರ ಕತೆ, ಹೆಂಗಸರ ಕತೆಯಲ್ಲಿ ಕಷ್ಟ ಶುರುವಾಗುವುದೇ ಮದುವೆಯಾದ ಮೇಲೆ ಎಂಬುದನ್ನು ರಾಮಾನುಜನ್ ಕಂಡುಕೊಂಡದ್ದು ಇಂಥವರನ್ನು ಕೂತು ಕೇಳಿ.

ಪ್ರಬಂಧದ ಕೊನೆಯಲ್ಲಿ ವಕ್ತೃಗಳ ಕೋಷ್ಟಕವಿರುತ್ತದೆ. ಕ್ರಮಸಂಖ್ಯೆ, ಲಿಂಗ, ವಯಸ್ಸು, ಜಾತಿ, ಕಸುಬು, ಷರಾ. ಷರಾ ಎಂಬ ಅಂಕಣ ಸಾಮಾನ್ಯವಾಗಿ ಖಾಲಿ. ಭಾಗೀರಥಿ ಅಪ್ಪನಿಗೆ ಬೇರೆ ಮನೆಯ ಸುಳ್ಳು ಹೇಳುವ ಜಾಗ ಬಂದಾಗ ಹಾಡುತ್ತಿದ್ದವಳು ಸ್ವಲ್ಪ ಹೊತ್ತು ಸುಮ್ಮನಾಗಿ, ಸೆರಗಿನಿಂದ ಮೂಗು ಒರೆಸಿಕೊಂಡು, ಮತ್ತೆ ಮುಂದುವರಿಸಿದಳು ಎಂದು ಬರೆಯುವಷ್ಟು ಜಾಗ ಅಲ್ಲಿರುತ್ತದೆ.